ಮನೆಯ ಗೋಧಿ, ಮನೆಯ ಬ್ರೆಡ್ಡು

ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆ ಹಿಟ್ಟೆಂದರೆ ರಾಗಿಯ ಹಿಟ್ಟು, ಊಟವೆಂದರೆ ಮುದ್ದೆ. ಅಲ್ಲಿ ಗೋಧಿ ಬಿತ್ತಿ, ಬೀಸಿ, ಬ್ರೆಡ್ಡು ಸುಡುವ ಮಾತೆತ್ತಿದರೆ ಹಿರಿಯರು ನಕ್ಕಾರು. ಆದರೆ ಕಾಫಿ, ಅಡಿಕೆ ಮಾರಿ ಉಣ್ಣುವ ಧಾನ್ಯವನ್ನೆಲ್ಲ ಅಂಗಡಿಯಿಂದ ತರುವ ನಮ್ಮ ಸದಸ್ಯ ಬಾಂಧವರೂ ಯೋಚಿಸಬೇಕಾದ ವಿಷಯವಿದು.

ಎಷ್ಟು ನೆಲ ಬೇಕು?

ವಾರಕ್ಕೊಂದು ಬ್ರೆಡ್ಡಿಗೆ ಅರ್ಧ ಕಿಲೋ ಹಿಟ್ಟಾದರೆ ವರ್ಷಕ್ಕೆ 26 ಕಿಲೋ. ಕಸ, ತವುಡು ಕಳೆದು, ಮರುಬಿತ್ತನೆಗೆ 3 ಕಿಲೋ ತೆಗೆದಿಡಲು 33 ಕಿಲೋ ಕಾಳು ಇರಲಿ. ನೀರಾವರಿ ಗೋಧಿಗೆ ಎಕರೆಗೆ ಸುಮಾರು 40 ಕಿಲೋ, ಅಂದರೆ ಗುಂಟೆಗೆ 1 ಕಿಲೋ ಬೀಜ. ಗುಂಟೆಗೆ 12 ಕಿಲೋ ಮಾತ್ರ ಬಂದರೂ 3 ಗುಂಟೆ ಸಾಕು. ತೋಟದ ನೆರಳಲ್ಲಿ ಗೋಧಿ ಬಾರದು. ಬಯಲು ನೆಲವೇ ಬೇಕು.

ಬಿತ್ತುವ ಕಾಲ

ಎಡವುವುದು ಇಲ್ಲಿಯೇ. ಮಳೆಯಾಶ್ರಿತ ರಾಗಿ ಕಟಾವಾಗುವ ಹೊತ್ತಿಗೆ ನವೆಂಬರ್ ಕಳೆಯುತ್ತ ಬಂದಿರುತ್ತದೆ. ಅದೇ ನೆಲಕ್ಕೆ ಆಮೇಲೆ ಗೋಧಿ ಹಾಕಿದರೆ ಕಾಳು ಕಟ್ಟುವಾಗ ಬಿಸಿಲೇರಿ, ಕಾಳು ಸೊರಗುತ್ತದೆ. ಆದ್ದರಿಂದ ತರಕಾರಿ ತೆಗೆದು ಬರಿದಾದ ಮಡಿಯಲ್ಲಿ ನವೆಂಬರ್ ಮೊದಲ ಪಕ್ಷದೊಳಗೆ ಬಿತ್ತಬೇಕು. ಬಿತ್ತಿದ ಸುಮಾರು 21ನೆಯ ದಿನ ಕಿರೀಟ ಬೇರು ಒಡೆಯುವ ವೇಳೆ. ಆ ನೀರನ್ನು ಮಾತ್ರ ತಪ್ಪಿಸಬಾರದು.

ಕಾಫಿಯ ಎಲೆ ತುಕ್ಕು ಕಂಡವರಿಗೆ ತುಕ್ಕುರೋಗ ಹೊಸದಲ್ಲ. ಗೋಧಿಯದು ಬೇರೆ ಶಿಲೀಂಧ್ರ. ಅದರ ಬೀಜಕಣಗಳು ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಉಳಿದು ಗಾಳಿಯಲ್ಲಿ ಬರುತ್ತವೆಂದು ಕೆ.ಸಿ. ಮೆಹ್ತಾ ಅವರ ಸಂಶೋಧನೆ ತೋರಿಸಿತು. ರೋಗ ತಡೆಯುವ ತಳಿಯೇ ಇದಕ್ಕೆ ಮದ್ದು.

ಯಾವ ಗೋಧಿ?

ಬೆಳಗಾವಿ, ಬಾಗಲಕೋಟೆ ಕಡೆಯ ಜವೆಗೋಧಿ ತುಕ್ಕನ್ನು ಚೆನ್ನಾಗಿ ತಾಳುತ್ತದೆ. ಧಾರವಾಡದ ಡಿಡಿಕೆ 1025, ಡಿಡಿಕೆ 1029 ಈ ಜಾತಿಯವು. ಹುಗ್ಗಿ, ಶಾವಿಗೆಗೆ ಇದು ಹೆಸರುವಾಸಿ. ಆದರೆ ಒಕ್ಕಿದ ಮೇಲೂ ಹೊಟ್ಟು ಬಿಡದು, ಕುಟ್ಟಬೇಕು. ಅಂಟು ಕಡಿಮೆಯಾದ್ದರಿಂದ ಬ್ರೆಡ್ಡು ಅಷ್ಟಾಗಿ ಉಬ್ಬದು. ಉಬ್ಬಬೇಕೆಂದರೆ ಧಾರವಾಡದ್ದೇ ಯು.ಎ.ಎಸ್. 304ರಂಥ ಬ್ರೆಡ್ ಗೋಧಿ ಮೇಲು.

ಹುದುಗು ಮತ್ತು ಬೆಂಕಿ

ಯೀಸ್ಟನ್ನೂ ಕೊಳ್ಳಬೇಕಿಲ್ಲ. ಮುಳಬಾಗಿಲು ದೋಸೆಯ ಹಿಟ್ಟು ಉಬ್ಬುವುದನ್ನು ಕಂಡವರಿಗೆ ಇದು ಸುಲಭ. ಗೋಧಿಹಿಟ್ಟು, ನೀರು ಸಮ ತೂಕದಲ್ಲಿ ಕಲಸಿಡಿ. ದಿನವೂ ಅರ್ಧ ತೆಗೆದು, ಅಷ್ಟೇ ಹೊಸ ಹಿಟ್ಟು, ನೀರು ಸೇರಿಸಿ. ಸುಮಾರು ಒಂದು ವಾರದಲ್ಲಿ ಗುಳ್ಳೆಯೆದ್ದು ಉಬ್ಬತೊಡಗುತ್ತದೆ. ಇದರ 100 ಗ್ರಾಂಗೆ 500 ಗ್ರಾಂ ಹಿಟ್ಟು, ಸುಮಾರು 350 ಗ್ರಾಂ ನೀರು, 10 ಗ್ರಾಂ ಉಪ್ಪು ಹಾಕಿ ನಾದಿ, ಒಂದೂವರೆಪಟ್ಟು ಉಬ್ಬಿದ ಮೇಲೆ ಸುಡಿ. ಒಲೆಯ ಮೇಲಾದರೆ ದಪ್ಪ ತಳದ ಪಾತ್ರೆಗೆ ಮುಚ್ಚಳ ಹಾಕಿ, ಕೆಳಗೂ ಮೇಲೂ ಕೆಂಡವಿಟ್ಟರೆ ಮುಕ್ಕಾಲು ಗಂಟೆ. ಪೂರ್ತಿ ಆರುವ ಮುನ್ನ ಕೊಯ್ದರೆ ಒಳಗೆ ಮೆತ್ತಗೆ ಅಂಟುತ್ತದೆ.

ಒಂದು ಎಚ್ಚರಿಕೆ

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದಲ್ಲಿ ಕೊಳವೆ ಬಾವಿಯ ನೀರು ಬಲು ದುಬಾರಿ. ಗೋಧಿಗೆ ಐದಾರು ನೀರು ಬೇಕು. ರಾಗಿಯೋ ಮಳೆಯಲ್ಲೇ ಬದುಕುತ್ತದೆ. ಆದ್ದರಿಂದ ರಾಗಿಯ ನೆಲ ಕಿತ್ತು ಗೋಧಿ ಬಿತ್ತುವ ಹುಚ್ಚು ಬೇಡ. ನೀರಿದ್ದವರು ಈ ವರ್ಷ 1 ಗುಂಟೆಯಲ್ಲಿ ಪರೀಕ್ಷಿಸಿ ನೋಡಲಿ. ಉಪ್ಪೊಂದನ್ನು ಬಿಟ್ಟು ಉಳಿದೆಲ್ಲವೂ ಸ್ವಂತದ್ದಾದ ಒಂದು ತುಂಡು ಬ್ರೆಡ್ಡು, ಅಂಗಡಿಯ ಚೀಟಿಯಲ್ಲಿ ಬರೆಯದ ಬೆಲೆಯನ್ನು ತಿಳಿಸಿಕೊಡುತ್ತದೆ.