ಉಪಯಾಜಕರು ಯಾವ ಧರ್ಮಕ್ಷೇತ್ರದವರು?

ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರು ಇದ್ದಲ್ಲೇ ಇದೆ, ಬದಲಾದದ್ದು ಅದರ ಧರ್ಮಕ್ಷೇತ್ರ. ಮೊದಲು ಆ ಸೀಮೆ ಸೇಲಂ ಧರ್ಮಕ್ಷೇತ್ರದಲ್ಲಿತ್ತು. 1997ರ ಜನವರಿ 24ರಂದು ಜಗದ್ಗುರು ಎರಡನೇ ಜಾನ್ ಪೌಲರು ಅದನ್ನು ವಿಭಜಿಸಿ ಧರ್ಮಪುರಿ ಧರ್ಮಕ್ಷೇತ್ರವನ್ನು ಸ್ಥಾಪಿಸಿದರು. ಸಲೇಷಿಯನ್ ಸಭೆಯ ಜೋಸೆಫ್ ಆಂಟನಿ ಇರುದಯರಾಜ್ ಅದರ ಪ್ರಥಮ ಧರ್ಮಾಧ್ಯಕ್ಷರಾದರು.

ಇಂಥ ವಿಭಜನೆಯಲ್ಲಿ ವಿಶ್ವಾಸಿಗಳಾದ ನಮಗೆ ಹೆಚ್ಚೇನೂ ತೊಂದರೆಯಿಲ್ಲ. ಮನೆ ಎಲ್ಲಿದೆಯೋ ಅಲ್ಲಿನ ಧರ್ಮಾಧ್ಯಕ್ಷರೇ ನಮ್ಮವರು. ಗುರುಗಳ ಮತ್ತು ಉಪಯಾಜಕರ ವಿಷಯ ಹಾಗಲ್ಲ. ಉಪಯಾಜಕ ದೀಕ್ಷೆ ಪಡೆದ ದಿನವೇ ಅವರು ಒಂದು ಧರ್ಮಕ್ಷೇತ್ರಕ್ಕೆ ಸೇರಿದವರಾಗುತ್ತಾರೆ. ಸೇರದವರು ಯಾರೂ ಇರಕೂಡದೆಂಬುದು ಧರ್ಮಸಭೆಯ ಕಾನೂನು. ಆದ್ದರಿಂದಲೇ ಹೊಸ ಧರ್ಮಕ್ಷೇತ್ರ ರಚಿಸುವಾಗ, ಆ ಗಡಿಯೊಳಗೆ ಹುದ್ದೆಯಲ್ಲಿರುವವರು ಅದಕ್ಕೇ ಸೇರತಕ್ಕದ್ದೆಂದು ಆಜ್ಞಾಪತ್ರದಲ್ಲೇ ಬರೆಯುವುದು ವಾಡಿಕೆ. ಸೇಲಂ ಬಳಿ ಹುಟ್ಟಿ ಧರ್ಮಪುರಿ ಕಡೆ ಸೇವೆಯಲ್ಲಿರುವವರಿಗೆ ಅಂಥ ಒಂದು ವಾಕ್ಯದ ಭಾರ ಎಷ್ಟಿದ್ದೀತು! ತಾಯಿ ತಂದೆ ಒಂದು ಕಡೆ, ಆಜೀವ ಸೇವೆ ಇನ್ನೊಂದು ಕಡೆ.

ತಾವಾಗಿ ಬೇರೆ ಧರ್ಮಕ್ಷೇತ್ರಕ್ಕೆ ಹೋಗಬಯಸುವವರಿಗೂ ದಾರಿಯಿದೆ. ಆದರೆ ಅದು ಬ್ಯಾಂಕಿನ ವರ್ಗಾವಣೆಯಂತಲ್ಲ. ಹಳೆಯ ಧರ್ಮಾಧ್ಯಕ್ಷರು ಸಹಿ ಮಾಡಿದ ಬಿಡುಗಡೆ ಪತ್ರ ಬೇಕು, ಹೊಸಬರು ಸಹಿ ಮಾಡಿದ ಸೇರ್ಪಡೆ ಪತ್ರವೂ ಬೇಕು. ಎರಡನೆಯದು ಕೈಸೇರುವವರೆಗೆ ಮೊದಲನೆಯದಕ್ಕೆ ಬೆಲೆಯಿಲ್ಲ. ಮಧ್ಯದಲ್ಲಿ ಯಾರೂ ಅನಾಥರಾಗಬಾರದಲ್ಲವೇ? ಇನ್ನೊಂದು ದಾರಿಯೂ ಉಂಟು. ಅಪ್ಪಣೆ ಪಡೆದು ಹೋಗಿ 5 ವರ್ಷ ಕಳೆದ ಮೇಲೆ ಇಬ್ಬರು ಧರ್ಮಾಧ್ಯಕ್ಷರಿಗೂ ಸೇರ್ಪಡೆಯ ಇಚ್ಛೆಯನ್ನು ಬರೆದು ತಿಳಿಸಬೇಕು. 4 ತಿಂಗಳೊಳಗೆ ಇಬ್ಬರಲ್ಲಿ ಯಾರೂ ಲಿಖಿತವಾಗಿ ಆಕ್ಷೇಪಿಸದಿದ್ದರೆ ಸೇರ್ಪಡೆ ತಾನಾಗಿಯೇ ಆದಂತೆ. ಗುರುಗಳ ಅಭಾವವಿರುವ ಕಡೆಗೆ, ಸ್ವಂತ ಧರ್ಮಕ್ಷೇತ್ರದವರಾಗಿಯೇ ಉಳಿದು, ಕೆಲವು ವರ್ಷ ಸೇವೆಗೆ ಹೋಗಲೂ ಅವಕಾಶವಿದೆ.

ಇಷ್ಟೆಲ್ಲ ಕಟ್ಟುಪಾಡು ಇಂದಿನದಲ್ಲ. 325ರ ನಿಸೇಯ ಮಹಾಸಭೆಯೇ ಧರ್ಮಾಧ್ಯಕ್ಷರಾಗಲಿ, ಯಾಜಕರಾಗಲಿ, ಉಪಯಾಜಕರಾಗಲಿ ಪಟ್ಟಣದಿಂದ ಪಟ್ಟಣಕ್ಕೆ ಹಾರಬಾರದೆಂದು ವಿಧಿಸಿತ್ತು. ಹಾರುವವರು ಆಗಲೂ ಇದ್ದರೆಂದೇ ಅರ್ಥ!

ನಮ್ಮ ಕಡೆ ಉಪಯಾಜಕರೆಂದರೆ ಸಾಮಾನ್ಯವಾಗಿ ಗುರುಪಟ್ಟದ ಹೊಸ್ತಿಲಲ್ಲಿರುವ ಯುವಕರು. ಆದರೆ ಜಗದ್ಗುರು ಆರನೇ ಪೌಲರು 1967ರಲ್ಲಿ ಶಾಶ್ವತ ಉಪಯಾಜಕತ್ವಕ್ಕೆ ಮತ್ತೆ ದಾರಿ ತೆರೆದರು. ಮುಂಬಯಿ ಮಹಾಧರ್ಮಕ್ಷೇತ್ರದಲ್ಲಿ ವಿವಾಹಿತ ಉಪಯಾಜಕರಿದ್ದಾರೆ. ವಿವಾಹಿತರಿಗೆ ದೀಕ್ಷೆ ಕೊಡಬೇಕಾದರೆ ಕನಿಷ್ಠ 35 ವರ್ಷ ಆಗಿರಬೇಕು, ಹೆಂಡತಿಯ ಒಪ್ಪಿಗೆಯೂ ಬೇಕು. ಲೌಕಿಕ ಉದ್ಯೋಗದಲ್ಲಿರುವವರು ಅದರ ಸಂಬಳದಿಂದಲೇ ಸಂಸಾರ ನಡೆಸಬೇಕೆಂಬುದು ಕಾನೂನು. ಹೀಗಿರುವಾಗ ಅಂಥವರು ಊರು ಬಿಟ್ಟರೆ ಅವರ ಕೆಲಸ, ಹೆಂಡತಿಯ ಕೆಲಸ, ಮಕ್ಕಳ ಶಾಲೆ ಎಲ್ಲವೂ ಕದಲುತ್ತವೆ. ಭಾಷೆಯ ಮಾತು ಬೇರೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ತಮಿಳಿನ ಜೊತೆಗೆ ಕನ್ನಡ, ತೆಲುಗು ಮನೆಮಾತಿನವರೂ ಇದ್ದಾರೆ. ಪ್ರಬೋಧನೆಯನ್ನು ತಮಿಳಿನಲ್ಲಿ ಕೊಟ್ಟರೂ ಹಾಸಿಗೆ ಹಿಡಿದ ಕನ್ನಡದ ಅಜ್ಜಿಗೆ ಪರಮಪ್ರಸಾದ ಒಯ್ದಾಗ ಎರಡು ಮಾತು ಅವರ ನುಡಿಯಲ್ಲೇ ಆಡಬೇಡವೇ? ಹೊಸ ಉಪಯಾಜಕರು ಬಂದಾಗ ನಾವು ಮಾಡಬಹುದಾದ ಮೊದಲ ಉಪಕಾರವೆಂದರೆ ಮನೆಗೆ ಊಟಕ್ಕೆ ಕರೆದು ಊರಿನ ಮಾತು ಕಲಿಸುವುದು.

ಪ್ರೇಷಿತರು ನೇಮಿಸಿದ ಏಳು ಮಂದಿಯಲ್ಲಿ ಒಬ್ಬನಾದ ಫಿಲಿಪ್ಪನೂ ಜೆರುಸಲೇಮಿನಿಂದ ಹೊರಟವನೇ. ಸಮಾರಿಯ, ಗಾಜಾದ ದಾರಿ, ಅಜೋತು ಎಂದು ಸುತ್ತಿ ಕಡೆಗೆ ಸೆಜರೇಯದಲ್ಲಿ ಮನೆ ಮಾಡಿದ. ನಾಲ್ವರು ಹೆಣ್ಣುಮಕ್ಕಳಿದ್ದ ಆ ಮನೆಯಲ್ಲಿ ಸಂತ ಪೌಲರು ಹಲವು ದಿನ ತಂಗಿದ್ದರು.