ಊರಿನ ಸುದ್ದಿಗೆ ಊರಿನದೇ ಧ್ವನಿ: ಸಮುದಾಯ ಬಾನುಲಿಯ ಕುರಿತು ತಿಳಿಯಬೇಕಾದ ಸಂಗತಿಗಳು



ದೆಹಲಿಯಲ್ಲಿ ನಡೆದ ಸಂಗತಿಯು ಕ್ಷಣಮಾತ್ರದಲ್ಲಿ ನಮ್ಮ ಅಂಗೈಯಲ್ಲಿರುವ ಫೋನಿಗೆ ಬಂದು ತಲುಪುತ್ತದೆ. ಆದರೆ ನಮ್ಮದೇ ಗ್ರಾಮಸಭೆ ಯಾವ ದಿನ ಸೇರಲಿದೆ, ಕುಡಿಯುವ ನೀರಿನ ಪೂರೈಕೆ ಯಾವಾಗ ನಿಲ್ಲಲಿದೆ, ವೃದ್ಧಾಪ್ಯ ವೇತನಕ್ಕೆ ಯಾವ ದಾಖಲೆ ಬೇಕು ಎಂಬುದು ಎಷ್ಟೋ ಮನೆಗಳಿಗೆ ತಿಳಿಯುವುದೇ ಇಲ್ಲ. ಓದು ಬರಹ ಬಾರದ ಹಿರಿಯರಿಗೂ ಹೊಲದಲ್ಲಿ ದುಡಿಯುವ ತಾಯಂದಿರಿಗೂ ಈ ಕೊರತೆಯ ಪೆಟ್ಟು ಮೊದಲು ತಟ್ಟುತ್ತದೆ. ಈ ಕೊರತೆಯನ್ನು ನೀಗಿಸಲು ಇರುವ ಒಂದು ಸಾಧನವಾದ ಸಮುದಾಯ ಬಾನುಲಿಯ ಸ್ವರೂಪವನ್ನೂ ಅದರ ಮಿತಿಗಳನ್ನೂ ಇಲ್ಲಿ ವಿವರಿಸಬಯಸುತ್ತೇವೆ.

ಬಾನುಲಿಯು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಹೆಸರಾಯಿತು. 1950ರಲ್ಲಿ ಧಾರವಾಡ ಕೇಂದ್ರವು ಆರಂಭಗೊಂಡಿತು. ಪ್ರದೇಶ ಸಮಾಚಾರ, ಕೃಷಿರಂಗದಂತಹ ಕಾರ್ಯಕ್ರಮಗಳು ಹಳ್ಳಿ ಹಳ್ಳಿಗಳ ದಿನಚರಿಯಲ್ಲಿ ಬೆರೆತುಹೋದವು. ಆದರೂ ಅನೇಕ ಜಿಲ್ಲೆಗಳಿಗೆ ಉತ್ತರಿಸಬೇಕಾದ ಒಂದು ಕೇಂದ್ರವು ಕೆಲವೇ ನಿಮಿಷಗಳ ವಾರ್ತೆಯಲ್ಲಿ ಪ್ರತಿಯೊಂದು ಹೋಬಳಿಯ ಅಗತ್ಯವನ್ನೂ ಹೇಳಲಾರದು. ಇದನ್ನು ಆ ಕೇಂದ್ರಗಳ ದೋಷವೆಂದು ಭಾವಿಸಬಾರದು. ಅವುಗಳ ವ್ಯಾಪ್ತಿಯೇ ಅಷ್ಟು ವಿಶಾಲವಾದುದು.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ವದ ತೀರ್ಪನ್ನು ನೀಡಿತು. ಪ್ರಸಾರಕ್ಕೆ ಬಳಕೆಯಾಗುವ ವಾಯುತರಂಗಗಳು ಸಾರ್ವಜನಿಕ ಸ್ವತ್ತು. ಅವುಗಳ ಮೇಲೆ ಸರ್ಕಾರಕ್ಕಾಗಲಿ ಖಾಸಗಿಯವರಿಗಾಗಲಿ ಏಕಸ್ವಾಮ್ಯ ಸಲ್ಲದು ಎಂಬುದು ಅದರ ತಿರುಳು. ಇದರ ಫಲವಾಗಿ ಕೇಂದ್ರ ಸರ್ಕಾರವು 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳು ಹಾಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾನುಲಿ ಕೇಂದ್ರ ತೆರೆಯಲು ಅವಕಾಶ ಕಲ್ಪಿಸಿತು. ಈ ಚಳವಳಿಯಲ್ಲಿ ನಮ್ಮ ನಾಡಿನ ಪಾತ್ರ ಹಿರಿದು. ಕೋಲಾರ ಜಿಲ್ಲೆಯ ಬೂದಿಕೋಟೆಯ ಗ್ರಾಮಸ್ಥರು ಪರವಾನಗಿ ದೊರೆಯದ ಆ ದಿನಗಳಲ್ಲಿಯೇ ಕೇಬಲ್ ತಂತಿಯ ಮೂಲಕ 'ನಮ್ಮ ಧ್ವನಿ'ಯನ್ನು ಮನೆಮನೆಗೆ ತಲುಪಿಸಿದರು. ಬೀದರಿನ ನೆರೆಯ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ 'ಸಂಘಂ ರೇಡಿಯೊ'ವನ್ನು ನಡೆಸಿಕೊಂಡು ಬಂದಿದ್ದಾರೆ. ಬೀಜ, ಬೆಳೆ, ಆರೋಗ್ಯದ ವಿಚಾರಗಳನ್ನು ತಮ್ಮ ಆಡುಮಾತಿನಲ್ಲಿಯೇ ಹೇಳಿಕೊಳ್ಳುವ ಬಲ ಅವರಿಗೆ ಅದರಿಂದ ಲಭಿಸಿತು.

ಸಮುದಾಯ ಬಾನುಲಿ ಲಾಭಕ್ಕಾಗಿ ನಡೆಯುವುದಲ್ಲ. ಸಾಮಾನ್ಯವಾಗಿ ಅದರ ಪ್ರಸಾರ ಸಾಮರ್ಥ್ಯ 100 ವ್ಯಾಟ್‌ಗೆ ಸೀಮಿತವಾಗಿದ್ದು, ಸುಮಾರು 10ರಿಂದ 15 ಕಿಲೋಮೀಟರ್ ದೂರದವರೆಗಿನ ಊರುಗಳಿಗೆ ಕೇಳಿಸುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನಾದರೂ ಸ್ಥಳೀಯ ಜನರೊಡಗೂಡಿ ಸಿದ್ಧಪಡಿಸಬೇಕು.

ಇಲ್ಲಿ ಭಕ್ತರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರದ ಅಧಿಕಾರವಿಲ್ಲ. ಆಕಾಶವಾಣಿಯ ವಾರ್ತೆಯನ್ನು ಯಥಾವತ್ತಾಗಿ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದಷ್ಟೆ. ಪತ್ರಿಕೆಯೊಂದು ಪಂಚಾಯಿತಿಯ ಕಾಮಗಾರಿಯ ಲೋಪವನ್ನು ಸುದ್ದಿಯಾಗಿ ಬರೆಯಬಹುದು. ಅದೇ ಊರಿನ ಬಾನುಲಿಯು ಹಾಗೆ ಸುದ್ದಿ ಓದಲಾಗದು. ಊರಿಗೆ ಅತಿ ಸಮೀಪವಾದ ಮಾಧ್ಯಮಕ್ಕೆ ಊರಿನ ಸುದ್ದಿ ಹೇಳುವ ಸ್ವಾತಂತ್ರ್ಯವಿಲ್ಲದಿರುವುದು ನಿಜಕ್ಕೂ ವಿಚಾರಾರ್ಹ. ಆದಾಗ್ಯೂ ನಿಯಮಗಳು ಕೆಲವು ವಿಷಯಗಳನ್ನು ಸುದ್ದಿಯೆಂದು ಪರಿಗಣಿಸುವುದಿಲ್ಲ. ಹವಾಮಾನ, ಸಂಚಾರ, ಸ್ಥಳೀಯ ಉತ್ಸವ, ಪರೀಕ್ಷೆ ಹಾಗೂ ಫಲಿತಾಂಶ, ಉದ್ಯೋಗಾವಕಾಶ, ಸ್ಥಳೀಯ ಆಡಳಿತ ನೀಡುವ ವಿದ್ಯುತ್, ನೀರು, ಪ್ರಕೃತಿ ವಿಕೋಪ, ಆರೋಗ್ಯ ಕುರಿತ ಪ್ರಕಟಣೆಗಳು ಇವುಗಳಲ್ಲಿ ಸೇರಿವೆ. ಈ ಚೌಕಟ್ಟಿನೊಳಗೇ ಮಾಡಬಹುದಾದ ಸೇವೆ ಅಪಾರವಾಗಿದೆ.

ಹಾಗಾದರೆ ನಮ್ಮ ಕರ್ತವ್ಯವೇನು? ಮೊದಲನೆಯದಾಗಿ, ಸಮೀಪದಲ್ಲಿ ಇಂತಹ ಕೇಂದ್ರವಿದ್ದಲ್ಲಿ ಕೇಳುಗರಾಗಿ ಉಳಿಯದೆ ಪಾಲುದಾರರಾಗಬೇಕು. ಕೃಷಿಕರು ತಮ್ಮ ಅನುಭವವನ್ನೂ, ತಾಯಂದಿರು ಸ್ವಸಹಾಯ ಸಂಘದ ಅನುಭವವನ್ನೂ ಅಲ್ಲಿ ಹಂಚಿಕೊಳ್ಳಬಹುದು. ಎರಡನೆಯದಾಗಿ, ಬಾನುಲಿಗೆ ಕಳುಹಿಸುವ ಮಾಹಿತಿಯಲ್ಲಿ ದಿನಾಂಕ, ಸ್ಥಳ, ಹೊಣೆ ಹೊತ್ತವರ ವಿವರ ಖಚಿತವಾಗಿರಬೇಕು. ಗಾಳಿಮಾತನ್ನು ಬಾನುಲಿಗೆ ಒಪ್ಪಿಸಿದರೆ ಅದು ಹತ್ತು ಹಳ್ಳಿಗಳ ಗಾಳಿಮಾತಾಗುತ್ತದೆ. ಮೂರನೆಯದಾಗಿ, ಸನ್ಮಾನ, ಹಾರ ತುರಾಯಿ, ಗಣ್ಯರ ನಾಮಾವಳಿಯನ್ನೇ ಊರಿನ ಸುದ್ದಿಯೆಂದು ಭಾವಿಸುವ ರೂಢಿಯನ್ನು ಸಂಘ ಸಂಸ್ಥೆಗಳೂ ಮಠಗಳೂ ಬಿಡಬೇಕು. ವೇದಿಕೆಯಲ್ಲಿ ಯಾರು ಕುಳಿತಿದ್ದರೆಂಬುದಕ್ಕಿಂತ ಶಾಲೆಗೆ ಶಿಕ್ಷಕರು ಬಂದರೋ ಇಲ್ಲವೋ ಎಂಬುದು ಜನರಿಗೆ ಮುಖ್ಯ. ನಾಲ್ಕನೆಯದಾಗಿ, ನಮ್ಮ ರಾಜ್ಯದ ಕಾನೂನಿನಂತೆ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಅದರ ದಿನಾಂಕವನ್ನು ಪಂಚಾಯಿತಿಯಿಂದ ಪಡೆದು ಪ್ರಕಟಣೆಯ ರೂಪದಲ್ಲಿ ಮುಂಚಿತವಾಗಿ ಪ್ರಸಾರವಾಗುವಂತೆ ಯುವಕರು ನೋಡಿಕೊಂಡರೆ, ಖಾಲಿ ಕುರ್ಚಿಗಳ ಮುಂದೆ ನಡೆಯುವ ಸಭೆಗಳು ತುಂಬಿದ ಸಭೆಗಳಾದಾವು.

ಕೇಂದ್ರ ತೆರೆಯಲು ಬಯಸುವವರು ಪರವಾನಗಿ ಪಡೆಯುವುದಕ್ಕಿಂತ ದಿನವೂ ನಡೆಸಿಕೊಂಡು ಹೋಗುವುದು ಕಠಿಣವೆಂಬುದನ್ನು ಮರೆಯಬಾರದು. ವಿದ್ಯುತ್ ವೆಚ್ಚ, ಯಂತ್ರಗಳ ದುರಸ್ತಿ, ತರಬೇತಿ ಪಡೆದ ಯುವಜನರ ಗೌರವಧನ ಇವಕ್ಕೆಲ್ಲ ಸ್ಥಿರವಾದ ಏರ್ಪಾಡು ಬೇಕು. ಉತ್ಸಾಹದಿಂದ ಆರಂಭಗೊಂಡು ಮೌನವಾಗುವ ಕೇಂದ್ರಕ್ಕಿಂತ ದಿನಕ್ಕೆ ಎರಡೇ ತಾಸು ತಪ್ಪದೆ ನುಡಿಯುವ ಕೇಂದ್ರ ಮೇಲು.

ಹೇಳಬೇಕಾದುದು ಸಕಾಲದಲ್ಲಿ, ಅರ್ಥವಾಗುವ ಮಾತಿನಲ್ಲಿ, ಕಡೆಯ ಮನೆಯವರೆಗೂ ತಲುಪಿದಾಗಲೇ ಸಾರ್ವಜನಿಕ ಜೀವನವು ಸಾರ್ಥಕ. ಭಕ್ತರೆಲ್ಲರೂ ತಮ್ಮ ತಮ್ಮ ಊರುಗಳಲ್ಲಿ ಈ ಕಾರ್ಯಕ್ಕೆ ಕೈಜೋಡಿಸಬೇಕೆಂದು ವಿನಂತಿಸುತ್ತೇವೆ.