ಕೋಟಿ ಕೋಟಿ ಸುರಿದರೂ ಕಣ್ಣೇಕೆ ನಂಬುತ್ತಿಲ್ಲ?

ಹಾಲಿವುಡ್‌ನ ಭಾರಿ ವೆಚ್ಚದ ಸಾಹಸ ಚಿತ್ರ ನೋಡಿ ಹೊರಬರುವ ಪ್ರೇಕ್ಷಕರ ಬಾಯಲ್ಲಿ ಕೆಲವು ವರ್ಷಗಳಿಂದ ಒಂದು ದೂರು ಪದೇ ಪದೇ ಕೇಳಿಬರುತ್ತಿದೆ. 'ಬರೀ ಗ್ರಾಫಿಕ್ಸ್, ವಿಡಿಯೊ ಗೇಮ್ ನೋಡಿದಂತಾಯಿತು' ಎಂಬುದೇ ಆ ದೂರು. ಇವರು ವಿಮರ್ಶಕರಲ್ಲ. ವರ್ಷಕ್ಕೆ ನಾಲ್ಕೈದು ಇಂಗ್ಲಿಷ್ ಚಿತ್ರ ನೋಡುವ, ರಾಕೆಟ್ಟು, ರಾಕ್ಷಸ, ಕಾರುಗಳ ಬೆನ್ನಟ್ಟುವಿಕೆ ಎಂದರೆ ಖುಷಿಪಡುವ ಸಾಮಾನ್ಯ ಅಭಿಮಾನಿಗಳು. ಹಣ ಹೆಚ್ಚಾದಷ್ಟೂ ದೃಶ್ಯ ನೈಜವಾಗಬೇಕಲ್ಲವೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ಹಣದ ಮೊತ್ತದಲ್ಲಿಲ್ಲ. ಆ ಹಣ ಯಾವ ಹಂತದಲ್ಲಿ ಖರ್ಚಾಗುತ್ತದೆ ಎಂಬುದರಲ್ಲಿದೆ.

2023ರಲ್ಲಿ ತೆರೆಕಂಡ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 'ದಿ ಫ್ಲ್ಯಾಶ್' ಚಿತ್ರದ ನಿರ್ಮಾಣ ವೆಚ್ಚ 20 ಕೋಟಿ ಡಾಲರ್ ಆಸುಪಾಸು. ಆಸ್ಪತ್ರೆ ಕಟ್ಟಡದಿಂದ ಹಸುಗೂಸುಗಳು ಕೆಳಗುರುಳುವ ಅದರ ಆರಂಭದ ದೃಶ್ಯವೇ ನಗೆಪಾಟಲಿಗೀಡಾಯಿತು. ಅತಿವೇಗದಲ್ಲಿ ಓಡುವ ನಾಯಕನ ಕಣ್ಣಿಗೆ ಜಗತ್ತು ಹಾಗೆ ವಿಕಾರವಾಗಿಯೇ ಕಾಣುತ್ತದೆ, ಅದು ಉದ್ದೇಶಪೂರ್ವಕ ಎಂದು ನಿರ್ದೇಶಕ ಆಂಡಿ ಮುಶಿಯೆಟ್ಟಿ ಸಮಜಾಯಿಷಿ ನೀಡಬೇಕಾಯಿತು. ಸಮಜಾಯಿಷಿ ಬೇಕಾಗುವ ದೃಶ್ಯ ತೆರೆಯ ಮೇಲೆ ಗೆದ್ದಂತಾಗುವುದಿಲ್ಲ.

ಅದೇ ವರ್ಷ ಜಪಾನಿನಿಂದ ಬಂದ 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರಕ್ಕೆ ಖರ್ಚಾದದ್ದು ಒಂದೂವರೆ ಕೋಟಿ ಡಾಲರ್‌ಗೂ ಕಡಿಮೆ. ಅದರ 610 ವಿಎಫ್‌ಎಕ್ಸ್ ಶಾಟ್‌ಗಳನ್ನು ರೂಪಿಸಿದ ಕಲಾವಿದರು ಕೇವಲ 35 ಮಂದಿ. 2024ರ ಮಾರ್ಚ್‌ನಲ್ಲಿ ಹಾಲಿವುಡ್‌ನ ಘಟಾನುಘಟಿ ಚಿತ್ರಗಳನ್ನು ಹಿಂದಿಕ್ಕಿ ವಿಷುವಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಅದರ ಪಾಲಾಯಿತು.

ಇದು ಸಾಧ್ಯವಾದದ್ದು ಹೇಗೆ? ನಿರ್ದೇಶಕ ತಕಾಶಿ ಯಮಝಾಕಿ ಸ್ವತಃ ವಿಎಫ್‌ಎಕ್ಸ್ ಮೇಲ್ವಿಚಾರಕರೂ ಹೌದು. ಶಿರೋಗುಮಿ ಸ್ಟುಡಿಯೊದಲ್ಲಿ ಕಲಾವಿದರ ಜತೆಯಲ್ಲೇ ಕುಳಿತು, 'ಇದು ಸರಿ, ಇದು ಬೇಡ' ಎಂದು ಅಲ್ಲಿಯೇ ಹೇಳಿಬಿಡುತ್ತಿದ್ದರು. ತಂಡದಲ್ಲಿದ್ದ ತಾತ್ಸುಜಿ ನೊಜಿಮಾ ಎಂಬ ಇಪ್ಪತ್ತರ ಹರೆಯದ ಕಲಾವಿದ ಕಂಪ್ಯೂಟರ್‌ನಲ್ಲಿ ಸಮುದ್ರದ ನೀರನ್ನು ನೈಜವಾಗಿ ಮೂಡಿಸುವುದರಲ್ಲಿ ನಿಪುಣ ಎಂದು ತಿಳಿದಾಗ, ಚಿತ್ರಕಥೆಯಲ್ಲಿ ಸಮುದ್ರದ ದೃಶ್ಯಗಳನ್ನೇ ಹೆಚ್ಚಿಸಲಾಯಿತು. ಕೈಯಲ್ಲಿರುವ ಬಲವನ್ನು ನೋಡಿಕೊಂಡು ಕಥೆ ಹೆಣೆಯುವ ಇಂಥ ಕ್ರಮ ದೊಡ್ಡ ಸ್ಟುಡಿಯೊಗಳಲ್ಲಿ ಅಪರೂಪ. ಜಪಾನಿನ ಅನಿಮೇಷನ್, ಗ್ರಾಫಿಕ್ಸ್ ಕೆಲಸಗಾರರ ಸಂಬಳ ಅಮೆರಿಕದವರಿಗಿಂತ ತೀರಾ ಕಡಿಮೆ ಎಂಬ ಕಹಿ ಸತ್ಯವೂ ಈ ಅಗ್ಗದ ಲೆಕ್ಕದ ಹಿಂದಿದೆ. ಅದನ್ನು ಮರೆತು ಬರೀ ಹೊಗಳುವುದು ತರವಲ್ಲ.

ಕೊನೆ ಗಳಿಗೆಯ ತಿದ್ದುಪಡಿ

ಹಾಲಿವುಡ್‌ನಲ್ಲಿ ನಡೆಯುವುದು ಬಹುತೇಕ ಇದರ ತಿರುಗಾಮುರುಗಾ. ಬಿಡುಗಡೆಯ ದಿನಾಂಕ ಮೊದಲೇ ಘೋಷಣೆಯಾಗಿರುತ್ತದೆ. ಕಥೆಯ ಅಂತ್ಯ ಮಾತ್ರ ಚಿತ್ರೀಕರಣ ನಡೆಯುವಾಗಲೂ ನಿರ್ಧಾರವಾಗಿರುವುದಿಲ್ಲ. ಹೊಡೆದಾಟ ಕಾಡಿನಲ್ಲಿ ನಡೆಯುತ್ತದೆಯೋ ಅನ್ಯಗ್ರಹದಲ್ಲೋ ಎಂಬುದು ಆಮೇಲೆ ಗೊತ್ತಾಗಬೇಕು. ಹಾಗಾಗಿ ನಟರನ್ನು ನೀಲಿ ಅಥವಾ ಹಸಿರು ಪರದೆಯ ಮುಂದೆ ನಿಲ್ಲಿಸಿ, ಯಾವ ಹಿನ್ನೆಲೆಗೂ ಹೊಂದಲಿ ಎಂದು ಸಪ್ಪೆ ಬೆಳಕಿನಲ್ಲಿ ಚಿತ್ರೀಕರಿಸಲಾಗುತ್ತದೆ. ಮುಂದೆ ಹಿನ್ನೆಲೆಗೆ ಉರಿಬಿಸಿಲಿನ ಮರುಭೂಮಿ ಬಂದರೂ ನಟನ ಮುಖದ ಮೇಲೆ ಆ ಬಿಸಿಲು ಇರುವುದಿಲ್ಲ. ಪ್ರೇಕ್ಷಕನಿಗೆ ಕಾರಣ ಹೇಳಲು ಬಾರದಿರಬಹುದು. ಎಲ್ಲೋ ಏನೋ ತಪ್ಪಿದೆ ಎಂದು ಆತನ ಕಣ್ಣು ಹೇಳುತ್ತದೆ.

'ಡ್ಯೂನ್' ಚಿತ್ರತಂಡ ಈ ತೊಡಕನ್ನು ನಿವಾರಿಸಿದ ರೀತಿ ಸರಳ. ಮರಳುಗಾಡಿನ ಕಥೆಗೆ ನೀಲಿ ಪರದೆ ಏಕೆ ಎಂದು ಯೋಚಿಸಿ ಮರಳಿನ ಬಣ್ಣದ ಪರದೆಗಳನ್ನೇ ಬಳಸಿತು. ಪರದೆಯಿಂದ ಪ್ರತಿಫಲಿಸಿ ನಟರ ಮೇಲೆ ಬಿದ್ದ ಬೆಳಕೂ ಮರಳಿನದೇ ಆಯಿತು. 2021ರ ಮೊದಲ ಭಾಗಕ್ಕೂ 2024ರ ಎರಡನೇ ಭಾಗಕ್ಕೂ ವಿಷುವಲ್ ಎಫೆಕ್ಟ್ಸ್ ಆಸ್ಕರ್ ದೊರೆತಿದೆ. ಆದರೆ ಇಂಥ ಉಪಾಯ ಹೊಳೆಯಬೇಕಾದರೆ ಹಿನ್ನೆಲೆ ಯಾವುದೆಂದು ಚಿತ್ರೀಕರಣಕ್ಕೆ ಮೊದಲೇ ತೀರ್ಮಾನವಾಗಿರಬೇಕು.

ಹಣದ ವ್ಯವಹಾರವೂ ಗಮನಾರ್ಹ. ವಿಎಫ್‌ಎಕ್ಸ್ ಸಂಸ್ಥೆಗಳು ಸಾಮಾನ್ಯವಾಗಿ ನಿಗದಿತ ಮೊತ್ತಕ್ಕೆ ಕೆಲಸ ಗುತ್ತಿಗೆ ಹಿಡಿಯುತ್ತವೆ. ಪೈಪೋಟಿಯಿಂದಾಗಿ ದರ ಮೊದಲೇ ಕೆಳಗಿಳಿದಿರುತ್ತದೆ. ಆಮೇಲೆ ಸ್ಟುಡಿಯೊ ದೃಶ್ಯ ಬದಲಿಸಿದರೆ ಹೊರೆ ಬೀಳುವುದು ಹೆಚ್ಚಾಗಿ ಸಂಸ್ಥೆಯ ಮೇಲೆ. ಅಂತಿಮವಾಗಿ ರಾತ್ರಿಯಿಡೀ ಕೂರುವ ಕಲಾವಿದನ ಮೇಲೆ. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ರೂಪಿಸಿದ ರಿದಮ್ ಆಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅದೇ ತಿಂಗಳು ಅದೇ ಹುಲಿಗೆ ಆಸ್ಕರ್ ಬಂತು. ಹತ್ತು ವರ್ಷಗಳ ನಂತರ, 2023ರ ಸೆಪ್ಟೆಂಬರ್‌ನಲ್ಲಿ, ಮಾರ್ವೆಲ್ ಸ್ಟುಡಿಯೊದ ವಿಎಫ್‌ಎಕ್ಸ್ ನೌಕರರು ಕಾರ್ಮಿಕ ಸಂಘ ಸೇರಲು ಒಕ್ಕೊರಲಿನಿಂದ ಮತ ಹಾಕಿದರು.

ಗ್ರಾಫಿಕ್ಸೇ ಖಳನಾಯಕನೇ?

ಹಾಗೆಂದು ಗ್ರಾಫಿಕ್ಸ್ ಇಲ್ಲದ ಚಿತ್ರವೇ ಶ್ರೇಷ್ಠ ಎಂಬ ವಾದಕ್ಕೂ ಬುಡವಿಲ್ಲ. 2022ರ 'ಟಾಪ್ ಗನ್: ಮ್ಯಾವರಿಕ್' ನೋಡಿದವರು, 'ಎಲ್ಲವೂ ಅಸಲಿ ವಿಮಾನ' ಎಂದು ಮೆಚ್ಚಿದರು. ನಟರು ಎಫ್/ಎ-18 ಯುದ್ಧವಿಮಾನಗಳಲ್ಲಿ ಹಾರಿದ್ದು ನಿಜ. ಆದರೆ ಆ ಚಿತ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿಎಫ್‌ಎಕ್ಸ್ ಶಾಟ್‌ಗಳಿವೆ. ಪ್ರಚಾರದ ಭರಾಟೆಯಲ್ಲಿ ಅದನ್ನು ಮುಚ್ಚಿಡುವುದು ಈಗ ಫ್ಯಾಷನ್ ಆಗಿಬಿಟ್ಟಿದೆ. ಅದೇ ವರ್ಷದ 'ಅವತಾರ್: ದಿ ವೇ ಆಫ್ ವಾಟರ್' ಅಂತೂ ಬಹುಪಾಲು ಕಂಪ್ಯೂಟರ್ ಸೃಷ್ಟಿ. ಆದರೂ ಅದರ ಕಡಲು ಒದ್ದೆಯಾಗಿಯೇ ಕಂಡಿತು. ಜೇಮ್ಸ್ ಕ್ಯಾಮರೂನ್ ನಟರನ್ನು ನಿಜವಾದ ನೀರಿನ ತೊಟ್ಟಿಗಿಳಿಸಿ ಅವರ ಚಲನೆಯನ್ನು ದಾಖಲಿಸಿದ್ದರು. ಮೊದಲ ಭಾಗ ಬಂದು 13 ವರ್ಷ ಕಳೆಯುವವರೆಗೆ ಅವಸರಪಡಲಿಲ್ಲ.

ಮತ್ತೊಂದು ಸಂಗತಿ ಭಾರ. ಆನೆ ಹೇಗೆ ಹೆಜ್ಜೆ ಇಡುತ್ತದೆ, ಇಲಿ ಹೇಗೆ ಓಡುತ್ತದೆ ಎಂಬುದನ್ನು ಬಾಲ್ಯದಿಂದ ನೋಡಿದ ಕಣ್ಣಿಗೆ ಭಾರದ ಲೆಕ್ಕ ಯಾರೂ ಕಲಿಸಬೇಕಿಲ್ಲ. ಬೆಟ್ಟದಷ್ಟು ದೊಡ್ಡ ಜೀವಿ ಬೆಕ್ಕಿನಂತೆ ನೆಗೆದರೆ ನಂಬಿಕೆ ಅಲ್ಲಿಗೇ ಕಡಿಯುತ್ತದೆ. 1993ರ 'ಜುರಾಸಿಕ್ ಪಾರ್ಕ್' 127 ನಿಮಿಷಗಳ ಚಿತ್ರ. ಡೈನೋಸಾರ್‌ಗಳು ತೆರೆಯ ಮೇಲೆ ಕಾಣುವುದು ಸುಮಾರು 15 ನಿಮಿಷ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸ್ಟ್ಯಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರಗೊಂಬೆಗಳು. ಲೋಟದ ನೀರು ಅದುರುವುದನ್ನು ತೋರಿಸಿಯೇ ಸ್ಪಿಲ್‌ಬರ್ಗ್ ಪ್ರೇಕ್ಷಕರನ್ನು ಬೆವರಿಸಿದ್ದರು. ಇಂದು ಊಟಕ್ಕೆ ಉಪ್ಪಿನಕಾಯಿಯಂತಿರಬೇಕಾದದ್ದೇ ಊಟವಾಗಿ, ಕೊನೆಯ ನಲವತ್ತು ನಿಮಿಷ ಕಟ್ಟಡಗಳು ಉರುಳುತ್ತಲೇ ಇರುತ್ತವೆ.

'ಯಾರು ಯಾರಿಗೆ ಹೊಡೆದರೆಂದೇ ತಿಳಿಯಲಿಲ್ಲ' ಎಂಬ ದೂರಿಗೂ ಉತ್ತರವಿದೆ. ಜಾರ್ಜ್ ಮಿಲ್ಲರ್ ಅವರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' (2015) ಆರಂಭದಿಂದ ಕೊನೆಯವರೆಗೂ ಓಟವೇ. ಆದರೂ ಗೊಂದಲವಿಲ್ಲ. ಚಿತ್ರೀಕರಣಕ್ಕೆ ಮೊದಲೇ ಸುಮಾರು 3,500 ರೇಖಾಚಿತ್ರಗಳಲ್ಲಿ ಇಡೀ ಚಿತ್ರವನ್ನು ಬರೆದಿಡಲಾಗಿತ್ತು. ಪ್ರತಿ ಶಾಟ್‌ನ ಮುಖ್ಯ ವಸ್ತು ತೆರೆಯ ನಡುವಿನಲ್ಲೇ ಇರಬೇಕೆಂಬುದು ಮಿಲ್ಲರ್ ಅವರ ಕಟ್ಟಪ್ಪಣೆ. ಶಾಟ್ ಎಷ್ಟೇ ಬೇಗ ಬದಲಾದರೂ ಕಣ್ಣು ಹುಡುಕಾಡಬೇಕಿಲ್ಲ. 480 ಗಂಟೆಗಳ ತುಣುಕುಗಳನ್ನು ಜರಡಿ ಹಿಡಿದ ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅವರದ್ದೂ ಸೇರಿ ಆರು ಆಸ್ಕರ್ ಬಂದವು.

ಚೆಂದದ ದೃಶ್ಯವೊಂದೇ ಗಲ್ಲಾಪೆಟ್ಟಿಗೆ ತುಂಬಿಸದು ಎಂಬುದಕ್ಕೆ ಗ್ಯಾರೆತ್ ಎಡ್ವರ್ಡ್ಸ್ ಅವರ 'ದಿ ಕ್ರಿಯೇಟರ್' (2023) ಸಾಕ್ಷಿ. ಆಗ್ನೇಯ ಏಷ್ಯಾದ ನಿಜವಾದ ಊರು, ಗದ್ದೆಗಳಲ್ಲಿ ಸಣ್ಣ ಕ್ಯಾಮೆರಾ ಹಿಡಿದು ಚಿತ್ರೀಕರಿಸಿ, ಸಂಕಲನವಾದ ಮೇಲೆ ರೋಬಾಟ್‌ಗಳನ್ನು ಸೇರಿಸಿದ ಚಿತ್ರವಿದು. 8 ಕೋಟಿ ಡಾಲರ್‌ಗೆ ಅದರ ಎರಡು ಪಟ್ಟು ವೆಚ್ಚದ ಚಿತ್ರಗಳನ್ನು ನಾಚಿಸುವಂತೆ ಕಂಡಿತು. ಕಥೆ ಮಾತ್ರ ಹಳಸಲು. ಗಳಿಕೆ 10 ಕೋಟಿ ಡಾಲರ್‌ನ ಆಸುಪಾಸಿನಲ್ಲೇ ನಿಂತಿತು.

ಬೆಂಗಳೂರಿನ ನಂಟು

ಈ ಚರ್ಚೆ ಬೆಂಗಳೂರಿಗೆ ದೂರದ್ದೇನಲ್ಲ. ನಟನ ಅಂಚನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ಹಿನ್ನೆಲೆಯಿಂದ ಬೇರ್ಪಡಿಸುವ 'ರೋಟೋ' ಕೆಲಸ, ತಂತಿ ಅಳಿಸುವ ಕೆಲಸ ಮೊದಲಾದ ಬೆನ್ನು ಮುರಿಯುವ ದುಡಿಮೆಯ ದೊಡ್ಡ ಪಾಲು ಭಾರತದ ನಗರಗಳಲ್ಲೇ ನಡೆಯುತ್ತದೆ. ಅನಿಮೇಷನ್ ಹಾಗೂ ವಿಎಫ್‌ಎಕ್ಸ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2016ರ 'ದಿ ಜಂಗಲ್ ಬುಕ್' ಚಿತ್ರದ ಆಸ್ಕರ್ ವಿಜೇತ ದೃಶ್ಯಗಳಲ್ಲಿ ಟೆಕ್ನಿಕಲರ್ ಸಮೂಹಕ್ಕೆ ಸೇರಿದ ಎಂಪಿಸಿ ಸಂಸ್ಥೆಯ ಬೆಂಗಳೂರು ಕಲಾವಿದರ ಪಾಲಿತ್ತು.

2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದುಬಿತ್ತು. ಸಾಲದ ಹೊರೆ, ಕೋವಿಡ್ ನಂತರದ ಹಿನ್ನಡೆ, 2023ರ ಹಾಲಿವುಡ್ ಬರಹಗಾರರ ಮುಷ್ಕರದಿಂದ ಕುಗ್ಗಿದ ಕೆಲಸ ಇದಕ್ಕೆ ಕಾರಣವಾದವು. ಬೆಂಗಳೂರಿನ ಕಚೇರಿಯೂ ಬಾಗಿಲು ಮುಚ್ಚಿ ಸಾವಿರಾರು ಮಂದಿ ಬೀದಿಗೆ ಬಿದ್ದರು. ಇದೇ ಎಂಪಿಸಿ ರೂಪಿಸಿದ 'ಮುಫಾಸಾ' ಚಿತ್ರ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ತೆರೆಕಂಡಿತ್ತು. ಅದರ ಒಟ್ಟು ಗಳಿಕೆ 70 ಕೋಟಿ ಡಾಲರ್ ದಾಟಿತು.